ಚೀನದ ರಾಣಿಗೆ ರಂಗಕವಚ ಹೊಲಿಯುವ ಬಗೆ

ಮಾಟುಂಗಾ, ಮಾಹೀಮ್‌ಗಳ ಸಭಾಗೃಹಗಳಲ್ಲಿ ನಾಟಕವಾಡುವ ಮುಂಬೈಯ ಕನ್ನಡ ತಂಡಗಳು ಪ್ರಾಚೀನ ಚೀನದ ವೀರವನಿತೆಯರ ಕಥೆಯನ್ನು ಕೈಗೆತ್ತಿಕೊಂಡಾಗ ಉಡುಪಿನ ಪ್ರಶ್ನೆ ಬಹುಬೇಗ ಎದುರಾಗುತ್ತದೆ. ಬಾಡಿಗೆಯ ಅಂಗಡಿಯಲ್ಲಿ ಸಿಗುವ ಪೌರಾಣಿಕ ಪಾತ್ರಗಳ ಹೊಳೆಯುವ ಎದೆಕವಚ ಈ ಕಥೆಗಳಿಗೆ ಹೊಂದುವುದಿಲ್ಲ. ಬೆನ್ನಿನ ಮೇಲೆ ನಾಲ್ಕು ಬಾವುಟಗಳನ್ನು ಸಿಕ್ಕಿಸಿದ ಪೀಕಿಂಗ್ ಒಪೆರಾದ ವೇಷ ಬಹಳ ಈಚಿನ ರಂಗಸಂಪ್ರದಾಯದ್ದಾದ್ದರಿಂದ ಅದನ್ನೂ ಇಲ್ಲಿಗೆ ತರಬಾರದು. ಬಟ್ಟೆ ಕೊಳ್ಳುವುದಕ್ಕೆ ಮೊದಲು ಪಾತ್ರ ಯಾವ ಶತಮಾನದ್ದೆಂದು ನಿರ್ಧರಿಸಿಕೊಳ್ಳಿ. ಕವಚದ ಆಕಾರ, ಬಣ್ಣ, ಹೊಲಿಗೆ ಎಲ್ಲವೂ ಆ ನಿರ್ಧಾರವನ್ನು ಅವಲಂಬಿಸಿವೆ.

ಪಾತ್ರ ಫು ಹಾವ್ ಆಗಿದ್ದರೆ ನೀವು ಕ್ರಿ.ಪೂ. 1200ರ ಆಸುಪಾಸಿನಲ್ಲಿದ್ದೀರಿ. ಶಾಂಗ್ ರಾಜವಂಶದ ದೊರೆ ವು ಡಿಂಗನ ರಾಣಿಯರಲ್ಲಿ ಒಬ್ಬಳಾದ ಈಕೆಯ ಸಮಾಧಿಯನ್ನು ಪುರಾತತ್ವಜ್ಞೆ ಝೆಂಗ್ ಝೆನ್‌ಶಿಯಾಂಗ್ ಅವರ ತಂಡ 1976ರಲ್ಲಿ ಹೆನಾನ್ ಪ್ರಾಂತದ ಆನ್ಯಾಂಗ್‌ನಲ್ಲಿ ಅಗೆದು ತೆಗೆಯಿತು. ಯಾರೂ ಲೂಟಿ ಮಾಡದೆ ಉಳಿದಿದ್ದ ಆ ಗುಂಡಿಯಲ್ಲಿ 468 ಕಂಚಿನ ವಸ್ತುಗಳೂ ಜೇಡ್ ಎಂಬ ಬೆಲೆಬಾಳುವ ಕಲ್ಲಿನ 755 ವಸ್ತುಗಳೂ ಸಾವಿರಾರು ಕವಡೆಗಳೂ ದೊರೆತವು. ಶಕುನ ಕೇಳಲು ಬಳಸುತ್ತಿದ್ದ ಮೂಳೆಗಳ ಮೇಲಿನ ಬರಹಗಳಲ್ಲಿ ಈಕೆಯ ಹೆಸರು ಹಲವು ಕಡೆ ಬರುತ್ತದೆ. ಒಂದು ದಂಡಯಾತ್ರೆಗೆ 3,000 ಮಂದಿಯನ್ನೂ ಮತ್ತೆ 10,000 ಮಂದಿಯನ್ನೂ ಕೂಡಿಸಿದ ಉಲ್ಲೇಖವಿದೆ. ಇನ್ನೊಂದೆಡೆ ಈಕೆಯ ಹೆರಿಗೆ ಸುಸೂತ್ರವಾಗುವುದೇ ಎಂದು ದೊರೆ ಕೇಳಿಸಿದ್ದಾನೆ. ಪಾತ್ರಧಾರಿಣಿ ಈ ಎರಡನ್ನೂ ಓದಿಕೊಂಡೇ ಅಭ್ಯಾಸಕ್ಕೆ ಇಳಿಯಬೇಕೆಂದು ನನ್ನ ಒತ್ತಾಯ. ಸೇನಾನಿಯೂ ಬಾಣಂತಿಯೂ ಒಂದೇ ದೇಹದಲ್ಲಿದ್ದಾರೆ ಎಂಬುದನ್ನು ಮರೆತ ಕವಚ ಬರಿಯ ಅಲಂಕಾರವಾಗಿಬಿಡುತ್ತದೆ.

ಆ ಕಾಲದ ಮೈಕವಚ ಚರ್ಮದ್ದು, ಶಿರಸ್ತ್ರಾಣ ಕಂಚಿನದು. ಆದ್ದರಿಂದ ಫು ಹಾವ್‌ಳ ಎದೆಗೂ ಬೆನ್ನಿಗೂ ಲೋಹದ ಹೊಳಪನ್ನು ಕೊಡಬೇಡಿ. ಧಾರಾವಿಯ ಚರ್ಮದ ಅಂಗಡಿಗಳಲ್ಲಿ ದಪ್ಪ ಹಸುವಿನ ಚರ್ಮದ ತುಂಡುಗಳನ್ನು ಕೇಳಿ ತಂದು, ಎದೆಗೊಂದು ಬೆನ್ನಿಗೊಂದು ಇಡಿಯ ಹಾಳೆಯನ್ನು ಕತ್ತರಿಸಿ, ಕೆಂಪು, ಕಪ್ಪು, ಬಿಳಿ ಬಣ್ಣಗಳಲ್ಲಿ ಚಿತ್ತಾರ ಬರೆದರೆ ಸಾಕು. ಅಧಿಕಾರದ ಲಾಂಛನವೆಂದರೆ ಆಕೆಯ ಕೊಡಲಿ. ಸಮಾಧಿಯಲ್ಲಿ ಸಿಕ್ಕ ದೊಡ್ಡ ಕೊಡಲಿಗಳಲ್ಲಿ ಒಂದು ಸುಮಾರು 9 ಕಿಲೋ ತೂಗುತ್ತದೆ. ಅದರ ಮೇಲೆ ಎರಡು ಹುಲಿಗಳ ಬಾಯಿಗಳ ನಡುವೆ ಮನುಷ್ಯನ ತಲೆಯೊಂದನ್ನು ಕೆತ್ತಲಾಗಿದೆ, ಜೊತೆಗೆ ಆಕೆಯ ಹೆಸರೂ ಇದೆ. ಅಲಗು ಸುಮಾರು 40 ಸೆಂ.ಮೀ. ಉದ್ದದ್ದು. ಫೋಮ್ ಶೀಟಿನ ಮೂರು ಪದರಗಳನ್ನು ಅಂಟಿಸಿ ಇದನ್ನು ಮಾಡಬಹುದು. ವಸ್ತುಸಂಗ್ರಹಾಲಯದ ಚಿತ್ರಗಳಲ್ಲಿ ಕಾಣುವ ಹಸಿರು ಮೂರು ಸಾವಿರ ವರ್ಷ ಮಣ್ಣಿನಲ್ಲಿದ್ದುದರ ಫಲ. ಆಕೆ ಹಿಡಿದಾಗ ಅದು ಹೊಂಬಣ್ಣದಲ್ಲಿತ್ತು, ನೀವೂ ಹೊಂಬಣ್ಣವನ್ನೇ ಬಳಿಯಿರಿ.

ಬಿಲ್ಲೆಗಳನ್ನು ಪೋಣಿಸಿದ ಕವಚವೇ ಬೇಕಿದ್ದರೆ ಷಿಯಾನ್ ಎಂಬ ನಾಯಕಿಯ ಪಾತ್ರವನ್ನು ಆರಿಸಿಕೊಳ್ಳುವುದು ಒಳ್ಳೆಯದು. ದಕ್ಷಿಣ ಚೀನದ ಬುಡಕಟ್ಟಿನ ಮುಖಂಡರ ಮನೆತನದಲ್ಲಿ ಹುಟ್ಟಿದ ಈಕೆ 6ನೆಯ ಶತಮಾನದ ಕೊನೆಯಲ್ಲಿ, ವೃದ್ಧಾಪ್ಯದಲ್ಲೂ ಕವಚ ತೊಟ್ಟು, ಕವಚ ತೊಡಿಸಿದ ಕುದುರೆಯನ್ನೇರಿ, ಜರಿಯ ಕೊಡೆ ಬಿಚ್ಚಿಸಿಕೊಂಡು ಸವಾರಿ ಹೊರಟಳೆಂದು ಸುಯಿ ವಂಶದ ಇತಿಹಾಸ ದಾಖಲಿಸಿದೆ. ಆ ಕಾಲದಲ್ಲಿ ಎದೆಗೂ ಬೆನ್ನಿಗೂ ಒಂದೊಂದು ಫಲಕವಿದ್ದು, ಹೆಗಲ ಮೇಲೆ ಪಟ್ಟಿಯಿಂದ ಬಿಗಿಯುವ ಕವಚ ಬಳಕೆಯಲ್ಲಿತ್ತು. ಹವ್ಯಾಸಿ ತಂಡಕ್ಕೆ ಇದು ಅತ್ಯಂತ ಅನುಕೂಲದ್ದು, ಏಕೆಂದರೆ ಪಟ್ಟಿಯನ್ನು ಸಡಿಲಿಸಿದರೆ ಬೇರೊಬ್ಬ ಕಲಾವಿದೆಗೂ ಅದೇ ಕವಚ ಆಗುತ್ತದೆ.

5 ಸೆಂ.ಮೀ. ಅಗಲ, 8 ಸೆಂ.ಮೀ. ಉದ್ದದ ಬಿಲ್ಲೆಗಳನ್ನು ಗಟ್ಟಿ ಫೋಮ್ ಶೀಟಿನಿಂದ ಕತ್ತರಿಸಿ. ಪಕ್ಕಕ್ಕೆ 1 ಸೆಂ.ಮೀ., ಮೇಲೆ ಕೆಳಗೆ 2 ಸೆಂ.ಮೀ. ಒಂದರ ಮೇಲೊಂದು ಕೂರಬೇಕು. ಹೀಗೆ ಸಾಲಿಗೆ 10ರಂತೆ 8 ಸಾಲು ಜೋಡಿಸಿದರೆ 41 ಸೆಂ.ಮೀ. ಅಗಲ, 50 ಸೆಂ.ಮೀ. ಎತ್ತರದ ಫಲಕ ಸಿದ್ಧವಾಗುತ್ತದೆ. ಎರಡು ಫಲಕಗಳಿಗೆ 160 ಬಿಲ್ಲೆಗಳು ಬೇಕು. ಮುರಿದು ಹೋಗುವುದಕ್ಕೆಂದು ಇನ್ನೂ 20 ಮಾಡಿಟ್ಟುಕೊಳ್ಳಿ. ತೂತುಗಳನ್ನು ಮೊದಲೇ ಹೊಡೆದು, ನೀರು ಬೆರೆಸಿದ ಫೆವಿಕಾಲ್‌ನ ಎರಡು ಲೇಪ ಕೊಟ್ಟು, ಒಣಗಿದ ಮೇಲೆ ಕಪ್ಪು ಬಣ್ಣ ಬಳಿಯಿರಿ. ಕ್ರಿ.ಪೂ. 5ನೆಯ ಶತಮಾನದ ಝೆಂಗ್ ಎಂಬ ಚೀನೀ ಸಂಸ್ಥಾನದ ಪ್ರಭು ಯಿಯ ಸಮಾಧಿಯಲ್ಲಿ ಸಿಕ್ಕ ಚರ್ಮದ ಕವಚಗಳಿಗೂ ಕಪ್ಪು ಮರದರಗಿನ ಲೇಪವಿತ್ತು, ಹೊಲಿಗೆಗೆ ಕೆಂಪು ರೇಷ್ಮೆಯ ಹುರಿ ಇತ್ತು. ಕಪ್ಪಿನ ಮೇಲೆ ಕೆಂಪು ದಾರ ಕೊನೆಯ ಸಾಲಿನ ಪ್ರೇಕ್ಷಕರಿಗೂ ಸ್ಪಷ್ಟವಾಗಿ ಕಾಣುತ್ತದೆ.

ಪೋಣಿಸುವಾಗ ಒಂದೊಂದು ಸಾಲನ್ನು ಅಡ್ಡಲಾಗಿ ಬಿಗಿದು ಮುಗಿಸಿ, ಆಮೇಲೆ ಸಾಲುಗಳನ್ನು ಉದ್ದಕ್ಕೆ ಸಡಿಲ ದಾರದಿಂದ ತೂಗುಹಾಕಿ. ಶಿಯಾನ್ ನಗರದ ಬಳಿ 1974ರಲ್ಲಿ ಸಿಕ್ಕ, ಚೀನದ ಮೊದಲ ಚಕ್ರವರ್ತಿಯ ಸಮಾಧಿಯ ಸುಟ್ಟ ಮಣ್ಣಿನ ಸೈನಿಕರು ಇಲ್ಲಿ ನಮಗೆ ದೊಡ್ಡ ಗುರುಗಳು. ಅವರ ಎದೆಯ ಭಾಗದಲ್ಲಿ ಮೇಲಿನ ಸಾಲು ಕೆಳಗಿನದನ್ನು ಮಂಗಳೂರು ಹಂಚಿನಂತೆ ಮುಚ್ಚುತ್ತದೆ, ಹೊಟ್ಟೆಯ ಭಾಗದಲ್ಲಿ ಮಾತ್ರ ಕೆಳಗಿನ ಸಾಲು ಮೇಲಿನದರ ಮೇಲೆ ಬರುತ್ತದೆ. ಬಾಗಿದಾಗ ಬಿಲ್ಲೆಗಳು ಒಂದರ ಮೇಲೊಂದು ಜಾರುವುದು ಇದರಿಂದಲೇ. ನಿಮ್ಮ ಫಲಕದ ಮೇಲಿನ 4 ಸಾಲುಗಳನ್ನು ಮೊದಲ ರೀತಿಯಲ್ಲೂ ಕೆಳಗಿನ 4ನ್ನು ಎರಡನೆಯ ರೀತಿಯಲ್ಲೂ ಕಟ್ಟಿರಿ. ಫಲಕವನ್ನು ಚಪ್ಪಟೆಯಾಗಿಯೇ ಬಿಡಿ, ಸ್ತನದ ಆಕಾರ ಕೊಡಲು ಹೋಗಬೇಡಿ; ಅದು ಈಚಿನ ಕಲಾವಿದರ ಕಲ್ಪನೆ.

ರಾಜಮನೆತನದ ಸ್ತ್ರೀಯ ಕವಚವೆಂದು ಅಂತರಜಾಲದಲ್ಲಿ ಹುಡುಕಿದರೆ ಹಾನ್ ವಂಶದ ಕಾಲದ ರಾಣಿ ಡೌ ವಾನ್‌ಳ ಜೇಡ್ ಉಡುಪು ಕಣ್ಣಿಗೆ ಬೀಳುತ್ತದೆ. ಮಾನ್‌ಚೆಂಗ್‌ನಲ್ಲಿ 1968ರಲ್ಲಿ ದೊರೆತ, 2,160 ಜೇಡ್ ತುಂಡುಗಳ ಆ ಉಡುಪು ಶವಕ್ಕೆ ತೊಡಿಸಿದ್ದು. ಅದನ್ನು ಯುದ್ಧದ ದೃಶ್ಯಕ್ಕೆ ನಕಲು ಮಾಡಬಾರದು. ಆಕೆಯ ಪತಿ ಲಿಯು ಶೆಂಗನ ಸಮಾಧಿಯಲ್ಲೇ ನಿಜವಾದ ಕಬ್ಬಿಣದ ಕವಚವೂ ಇತ್ತು: 2,859 ಬಿಲ್ಲೆ, ಸುಮಾರು 17 ಕಿಲೋ. ಚಿತ್ರಗಳನ್ನು ನೋಡುವುದಾದರೆ ಅದನ್ನು ನೋಡಿ.

ಫೋರ್ಟ್‌ನ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದಲ್ಲಿ ಅಕ್ಬರನ ಎದೆಕವಚವಿದೆ. ಅದರ ಶೈಲಿ ಬೇರೆಯಾದರೂ ಕವಚವೊಂದು ಎಷ್ಟು ಎತ್ತರಕ್ಕೆ ನಿಲ್ಲಬೇಕು, ತೋಳಿಗೆ ಎಷ್ಟು ಜಾಗ ಬಿಡಬೇಕು ಎಂಬುದನ್ನು ಅಲ್ಲಿ ನಿಂತು ಕಣ್ಣಳತೆಯಲ್ಲಿ ಕಲಿಯಬಹುದು. ಹೊಲಿದು ಮುಗಿದ ಮೇಲೆ ಕಲಾವಿದೆ ಅದನ್ನು ತೊಟ್ಟು ತನ್ನ ಅತಿ ಉದ್ದದ ಮಾತನ್ನು ಹೇಳಲಿ. ಉಸಿರು ಕಟ್ಟಿದರೆ ಸೊಂಟದ ಪಟ್ಟಿಯನ್ನು ಎರಡು ಬೆರಳಷ್ಟು ಸಡಿಲಿಸಿ. ಕಾಲರ್ ಮೈಕ್ ಇದ್ದರೆ ಬಿಲ್ಲೆಗಳ ಸದ್ದು ಅದಕ್ಕೆ ತಾಗದಂತೆ ಕುತ್ತಿಗೆಯ ಸುತ್ತ ದಪ್ಪ ಹತ್ತಿ ಬಟ್ಟೆಯ ಅಂಚನ್ನು ಹೊಲಿಯಿರಿ. ಚರ್ಮದ ಕವಚವಾಗಿದ್ದರೆ ಮುಂಬೈಯ ಮಳೆಗಾಲದಲ್ಲಿ ಬೂಷ್ಟು ಹಿಡಿಯದೆ ಇರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ, ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ ಗಾಳಿಯಾಡುವ ಕಡೆ ತೂಗುಹಾಕಿ, ಬಿಸಿಲು ಬಂದ ದಿನ ನೆರಳಿನಲ್ಲಿ ಹರಡಿ ಒರೆಸಿ.