ಕರಾವಳಿಯ ಸೆಕೆಯಲ್ಲಿ ನಾಯಿಗಳನ್ನು ತಂಪಾಗಿಟ್ಟ ಬಗೆ

ಕಾಪುವಿನಲ್ಲಿ ನಾಯಿಗಳ ಬೋರ್ಡಿಂಗ್ ಆರಂಭಿಸಿದ ಮೊದಲ ಮೇ ತಿಂಗಳಲ್ಲೇ ಒಂದು ಪಗ್ (ಚಪ್ಪಟೆ ಮೂತಿಯ ಪುಟ್ಟ ತಳಿ) ನನ್ನ ಕೈಯಲ್ಲಿ ಸಾಯುವುದರಲ್ಲಿತ್ತು. ನಾಲಗೆ ಸೌಟಿನಂತೆ ಅಗಲವಾಗಿ ಹೊರಚಾಚಿತ್ತು, ಜೊಲ್ಲು ಅಂಟಂಟಾಗಿ ನೂಲಿನಂತೆ ಇಳಿಯುತ್ತಿತ್ತು, ವಸಡು ಕಡುಕೆಂಪಾಗಿತ್ತು. ಥರ್ಮಾಮೀಟರ್ 106 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು. ಒದ್ದೆ ಟವೆಲ್ ಹೊದಿಸಿದೆ. ಸ್ವಲ್ಪ ಹೊತ್ತಿನಲ್ಲೇ ಟವೆಲ್ ಬಿಸಿಯಾಯಿತೇ ಹೊರತು ಮೈಕಾವು ಇಳಿಯಲಿಲ್ಲ. ಅದನ್ನು ಕಿತ್ತೆಸೆದು ಬಾವಿ ನೀರು ಸುರಿಯುತ್ತಾ ಫ್ಯಾನ್ ಎದುರು ಮಲಗಿಸಿದೆ. 103ಕ್ಕೆ ಬಂದ ಕೂಡಲೇ, ಮೈ ತೀರಾ ತಣ್ಣಗಾಗದಿರಲೆಂದು ನೀರು ನಿಲ್ಲಿಸಿ ವೈದ್ಯರಲ್ಲಿಗೆ ಓಡಿದೆ. ಬದುಕಿತು.

ಹುಬ್ಬಳ್ಳಿಯ ಗೆಳೆಯರ ಮಾತು ಕೇಳಿ ಸುಮಾರು ಹನ್ನೊಂದು ಸಾವಿರಕ್ಕೆ ಏರ್ ಕೂಲರ್ ತಂದೆ. ಏದುಸಿರು ಹೆಚ್ಚಾಯಿತು. ನಾಯಿ ತಂಪಾಗುವುದು ನಾಲಗೆ, ಮೂಗಿನೊಳಗಿನ ತೇವ ಆರಿದಾಗ. ಕೂಲರ್ ಕೂಡ ನೀರು ಆರಿಸಿಯೇ ಗಾಳಿಯನ್ನು ತಂಪು ಮಾಡುವುದು. ಘಟ್ಟದ ಆಚೆಯ ಒಣಗಾಳಿಯಲ್ಲಿ ಸರಿ. ನಮ್ಮ ಕಡಲ ಗಾಳಿ ಮೊದಲೇ ನೀರು ಕುಡಿದಿರುತ್ತದೆ, ಅದರೊಳಗೆ ಇನ್ನಷ್ಟು ತೇವ ತುಂಬಿದರೆ ನಾಲಗೆ ಆರುವುದೆಲ್ಲಿ? ಆಮೇಲೆ ಒಂದು ಗೋಲ್ಡನ್ ರಿಟ್ರೀವರ್‌ನ ಕೂದಲು ಬೋಳಿಸಿದೆ. ಬಿಸಿಲನ್ನು ತಡೆಯುವ ಹೊದಿಕೆಯನ್ನೇ ತೆಗೆದಂತಾಯಿತು. ಮಾಲೀಕರಿಗೆ ಎರಡು ವಾರದ ಹಣ ವಾಪಸು ಕೊಟ್ಟೆ.

ನಡುವೆ ಪಾದಗಳ ಗೀಳೂ ಹಿಡಿದಿತ್ತು. ನಾಯಿಗೆ ಬೆವರುವುದು ಮುಖ್ಯವಾಗಿ ಅಂಗಾಲಿನ ಮೆತ್ತೆಗಳಲ್ಲಿ. ಹಳೆಯ ಪತ್ರಿಕೆಯ ಮೇಲೆ ನಿಲ್ಲಿಸಿ ಒದ್ದೆ ಗುರುತು ನೋಡಿದೆ, ಕಾಲನ್ನು ಬೇಸಿನ್‌ನಲ್ಲಿ ಅದ್ದಿಯೂ ನೋಡಿದೆ. ಅದರಿಂದ ಸಿಕ್ಕಿದ ತಂಪು ಅಷ್ಟಕ್ಕಷ್ಟೆ.

ಕೊನೆಗೆ ಗೆದ್ದದ್ದು ನೆಲ ಮತ್ತು ಗಾಳಿ. ಮಂಚ, ಚಾಪೆ ಎಲ್ಲ ತೆಗೆದು ಬರಿಯ ಕಾವಿ ನೆಲ (ಕೆಂಪು ಬಣ್ಣದ ನುಣುಪು ನೆಲ) ಬಿಟ್ಟುಕೊಟ್ಟೆ. ಕೂದಲು ತೆಳುವಾದ ಹೊಟ್ಟೆ, ತೊಡೆಸಂದಿನ ಕಾವನ್ನು ಆ ನೆಲ ಹೀರುತ್ತದೆ. ಫ್ಯಾನ್‌ಗಳನ್ನು ಒಂದಡಿ ಎತ್ತರಕ್ಕೆ ಇಳಿಸಿ, ಒಳಗಿನ ತೇವದ ಗಾಳಿ ಹೊರಹೋಗಲು ಮೇಲೆ ಎಕ್ಸಾಸ್ಟ್ ಇಟ್ಟೆ. ಛಾವಣಿಗೆ ತೆಂಗಿನ ಮಡಲು ಹೊದಿಸಿದೆ. ಮಧ್ಯಾಹ್ನ ನೀರು ಸವರುವುದು ಹೊಟ್ಟೆಗೆ ಮಾತ್ರ, ಬೆನ್ನಿಗಲ್ಲ. ನಡಿಗೆ ಬೆಳಕು ಹರಿಯುವ ಮುನ್ನ. ಎಲ್ಲ ಸೇರಿ ಆರೇಳು ಸಾವಿರ ಆಗಿರಬೇಕು, ಕೂಲರ್‌ಗಿಂತ ಕಡಿಮೆಯೇ.

ಎ.ಸಿ. ಇಲ್ಲದೆ ಪಗ್ ಸಾಕಲಾಗದು ಎಂದವರಿದ್ದರು. ಕಳೆದ ಮೇ ತಿಂಗಳಲ್ಲಿ ಹದಿನಾಲ್ಕು ನಾಯಿಗಳಿದ್ದವು, ಅವುಗಳಲ್ಲಿ ಮೂರು ಪಗ್. ಒಂದೂ 103 ದಾಟಲಿಲ್ಲ. ಕುಡಿಯಲು ಕುಚ್ಚಲಕ್ಕಿ ಗಂಜಿಯ ತಿಳಿಯನ್ನೂ ಕೊಡುತ್ತೇನೆ. ಅದನ್ನು ಎಷ್ಟು ತೆಳುವಾಗಿಸುತ್ತೇನೆ, ಯಾವ ಹೊತ್ತಿಗೆ ಇಡುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮೂರು ಬೇಸಿಗೆ ಕಳೆದು ಕಲಿತದ್ದು ಅದು.