ಎರಡು ಭಾಷೆ ಬಲ್ಲವರನ್ನು ಎರಡು ಸಲ ಎಣಿಸದಿರುವ ಬಗೆ

ಒಂದು ಮಾಹಿತಿಪತ್ರವನ್ನು ಎರಡು ಭಾಷೆಗಳಲ್ಲಿ ಅಚ್ಚು ಹಾಕಿಸಿದರೆ ಒಟ್ಟು ಎಷ್ಟು ಜನರಿಗೆ ಮುಟ್ಟೀತು ಎಂದು ಅಂದಾಜು ಮಾಡುವವರು ಸಾಮಾನ್ಯವಾಗಿ ಆ ಎರಡೂ ಭಾಷೆಗಳ ಬಲ್ಲವರ ಸಂಖ್ಯೆಗಳನ್ನು ಕೂಡಿಸಿ ಸುಮ್ಮನಾಗುತ್ತಾರೆ. ಹಾಗೆ ಕೂಡಿಸಿದ ಮೊತ್ತದಿಂದ ಎರಡನ್ನೂ ಬಲ್ಲವರ ಸಂಖ್ಯೆಯನ್ನು ಒಮ್ಮೆ ಕಳೆಯಬೇಕು.

ಕೆನಡಾದ 2016ರ ಜನಗಣತಿಯಲ್ಲಿ ಈ ಲೆಕ್ಕ ಸುಲಭ. ಅಲ್ಲಿ ಇಂಗ್ಲಿಷ್ ಮಾತ್ರ ಬಲ್ಲವರು ಶೇ. 68.3, ಫ್ರೆಂಚ್ ಮಾತ್ರ ಬಲ್ಲವರು ಶೇ. 11.9, ಎರಡನ್ನೂ ಬಲ್ಲವರು ಶೇ. 17.9. ಅಂದರೆ ಇಂಗ್ಲಿಷ್ ಬಲ್ಲವರು ಒಟ್ಟು 86.2, ಫ್ರೆಂಚ್ ಬಲ್ಲವರು 29.8, ಇವನ್ನು ಕೂಡಿಸಿದರೆ ಜನಸಂಖ್ಯೆಯನ್ನೇ ಮೀರಿ 116.0 ಆಗುತ್ತದೆ. ಅದರಿಂದ 17.9ನ್ನು ಕಳೆದಾಗ 98.1 ಬರುತ್ತದೆ. ಉಳಿದ 1.9 ಎರಡೂ ಬಾರದವರದು.

ಭಾರತದ ಜನಗಣತಿಯಲ್ಲಿ ಉತ್ತರ ಹೀಗೆ ಸಿದ್ಧವಾಗಿ ಸಿಗುವುದಿಲ್ಲ. 2011ರ ಸಿ-17 ಕೋಷ್ಟಕವನ್ನು ತೆಗೆದು, ಮಾತೃಭಾಷೆಯ ಪ್ರಕಾರ ವಿಂಗಡಿಸಿರುವ ಎರಡನೆಯ ಮತ್ತು ಮೂರನೆಯ ಭಾಷೆಗಳ ಅಂಕಿಗಳನ್ನು ನಾವೇ ಹೆಕ್ಕಬೇಕು. ತುಳು ಮತ್ತು ಕನ್ನಡ ಎರಡನ್ನೂ ಬಲ್ಲವರು ಬೇಕಿದ್ದರೆ ತುಳು ಮಾತೃಭಾಷೆಯವರಲ್ಲಿ ಕನ್ನಡ ಬಲ್ಲವರನ್ನೂ ಕನ್ನಡ ಮಾತೃಭಾಷೆಯವರಲ್ಲಿ ತುಳು ಬಲ್ಲವರನ್ನೂ ಬೇರೆಬೇರೆಯಾಗಿ ತೆಗೆದುಕೊಳ್ಳಬೇಕು. ಜೊತೆಗೆ ಕೊಂಕಣಿಯಂಥ ಬೇರೆ ಮಾತೃಭಾಷೆಯವರಾಗಿದ್ದು ಈ ಎರಡನ್ನೂ ಕಲಿತವರನ್ನು ಸೇರಿಸಬೇಕು. ಬಹುತೇಕರು ಮರೆಯುವುದು ಈ ಕೊನೆಯವರನ್ನೇ.

ಇಷ್ಟು ಮಾಡಿದರೂ ಲೆಕ್ಕ ಕಡಿಮೆಯೇ ಬೀಳುತ್ತದೆ. ಗಣತಿದಾರರು ಮಾತೃಭಾಷೆಯಲ್ಲದೆ ಇನ್ನೆರಡು ಭಾಷೆಗಳನ್ನು ಮಾತ್ರ ಬರೆದುಕೊಳ್ಳುತ್ತಾರೆ. ಮನೆಯಲ್ಲಿ ಕೊಂಕಣಿ, ಮೀನು ಮಾರುಕಟ್ಟೆಯಲ್ಲಿ ತುಳು, ತಾಲ್ಲೂಕು ಕಚೇರಿಯಲ್ಲಿ ಕನ್ನಡ, ಬ್ಯಾಂಕಿನಲ್ಲಿ ಇಂಗ್ಲಿಷ್ ಆಡುವ ಮಂಗಳೂರಿನವರೊಬ್ಬರ ಒಂದು ಭಾಷೆ ಹಾಳೆಗೆ ಇಳಿಯುವುದೇ ಇಲ್ಲ. ಹಿಂದಿಯೂ ಬರುತ್ತದೆಂದಾದರೆ ಎರಡು ಬಿಟ್ಟುಹೋಗುತ್ತವೆ. ಆದ್ದರಿಂದ ಕರಾವಳಿಯ ಮಟ್ಟಿಗೆ ಸಿಕ್ಕ ಅಂಕಿಯನ್ನು ಕನಿಷ್ಠ ಮಿತಿಯೆಂದೇ ಓದಬೇಕು. ಕರ್ನಾಟಕದ ಒಟ್ಟಾರೆ ಪ್ರಮಾಣವನ್ನು ತಂದು ಬೆಳಗಾವಿಗೋ ಬೀದರಿಗೋ ಅಂಟಿಸುವುದು ಇನ್ನೂ ದೊಡ್ಡ ತಪ್ಪು, ಏಕೆಂದರೆ ಗಡಿಯಲ್ಲಿ ಭಾಷೆಗಳು ಬೆರೆಯುವ ರೀತಿಯೇ ಬೇರೆ.

ಭಾಷೆಯ ಹೆಸರಿನಡಿ ಯಾರಿದ್ದಾರೆ ಎಂಬುದನ್ನೂ ನೋಡಿಕೊಳ್ಳಬೇಕು. 2011ರ ಗಣತಿಯಲ್ಲಿ ಹಿಂದಿ ಮಾತೃಭಾಷೆಯವರೆಂದು ತೋರಿಸಿರುವ ಸುಮಾರು 52.8 ಕೋಟಿಯಲ್ಲಿ ಭೋಜಪುರಿಯ 5 ಕೋಟಿ ಅಡಗಿದೆ. ನೀಲಗಿರಿಯ ಬಡಗವನ್ನು ಕನ್ನಡದೊಳಗೆ ಸೇರಿಸಲಾಗಿದೆ, ತುಳುವನ್ನು ಸೇರಿಸಿಲ್ಲ.

ಇಂಗ್ಲಿಷಿನ ವಿಷಯದಲ್ಲಂತೂ ವಿಶೇಷ ಎಚ್ಚರ ಬೇಕು. ಭಾರತದಲ್ಲಿ 2011ರಲ್ಲಿ ಅದನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 2.6 ಲಕ್ಷ ಮಾತ್ರ. ಎರಡನೆಯ ಭಾಷೆಯಾಗಿ ಬಲ್ಲವರು ಸುಮಾರು 8.3 ಕೋಟಿ, ಮೂರನೆಯದಾಗಿ ಬಲ್ಲವರು 4.6 ಕೋಟಿ. ಹೀಗಾಗಿ ಜಗತ್ತಿನ ಭಾಷೆಗಳ ಪಟ್ಟಿಯಲ್ಲಿ ಇಂಗ್ಲಿಷಿನ ಮೊತ್ತದ ಪಕ್ಕದಲ್ಲೇ ಹಿಂದಿ, ತಮಿಳು, ಕನ್ನಡಗಳ ಮೊತ್ತಗಳನ್ನು ಕಂಡಾಗ, ಅವೆಲ್ಲ ಬೇರೆಬೇರೆ ಜನರೆಂದು ತಿಳಿಯಬಾರದು.

ಎರಡನ್ನೂ ಬಲ್ಲವರ ಅಂಕಿ ಎಲ್ಲಿಯೂ ಸಿಗದಿದ್ದರೆ ಒಂದು ವ್ಯಾಪ್ತಿಯನ್ನಾದರೂ ಕಟ್ಟಬಹುದು. ಎರಡನ್ನೂ ಬಲ್ಲವರ ಅಂಕಿ ಆ ಎರಡು ಭಾಷೆಗಳ ಬಲ್ಲವರ ಸಂಖ್ಯೆಗಳಲ್ಲಿ ಚಿಕ್ಕದನ್ನು ಮೀರಲಾರದು. ಎರಡು ಶೇಕಡಾಗಳನ್ನು ಕೂಡಿಸಿ 100 ಕಳೆದಾಗ ಉಳಿಯುವುದಕ್ಕಿಂತ ಕಡಿಮೆಯೂ ಆಗಲಾರದು. ಕೆನಡಾದ ಅಂಕಿಗಳಿಗೆ ಇದನ್ನು ಹಚ್ಚಿದರೆ 16.0ರಿಂದ 29.8ರವರೆಗಿನ ವ್ಯಾಪ್ತಿ ಸಿಗುತ್ತದೆ. ವರದಿಯಲ್ಲಿ ಇವೆರಡರ ಸರಾಸರಿಯನ್ನು ಬರೆಯದೆ ಎರಡೂ ತುದಿಗಳನ್ನು ಹಾಗೆಯೇ ಕೊಡಬೇಕು: ಅಲ್ಲಿನ ನಿಜವಾದ ಅಂಕಿ 17.9 ಕೆಳತುದಿಯ ಸಮೀಪವಿದೆಯೇ ಹೊರತು ನಡುವೆ ಇಲ್ಲ.