ಕಾರಿನ ಇನ್ಶೂರೆನ್ಸ್: ದುಡ್ಡು ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು

‘ಸ್ವಲ್ಪ ಕಡಿಮೆ ಮಾಡಿಕೊಡ್ರಿ’ ಎಂದು ಕೇಳಿದಾಗ ಏಜೆಂಟರು ಕಂಪ್ಯೂಟರಿನಲ್ಲಿ ಬದಲಿಸುವುದು ಹೆಚ್ಚಾಗಿ ಒಂದೇ ಅಂಕಿ: ಐಡಿವಿ. ಕಾರು ಕಳುವಾದರೆ ಅಥವಾ ಪೂರ್ತಿ ಜಖಂ ಆದರೆ ಕಂಪನಿ ಕೊಡಬೇಕಾದ ಮೊತ್ತ ಅದು. ಅದನ್ನು ಇಳಿಸಿದ ಕೂಡಲೇ ಪ್ರೀಮಿಯಂ ಇಳಿಯುತ್ತದೆ, ಗಿರಾಕಿ ಹಣ ಕಟ್ಟಿ ಹೊರಡುತ್ತಾರೆ. ತೋರಣಗಲ್ಲು ರಸ್ತೆಯಲ್ಲಿ ಅದಿರು ಲಾರಿಗೆ ಕಾರು ತಗುಲಿದ ದಿನ ಆ ಉಳಿತಾಯದ ನಿಜವಾದ ಬೆಲೆ ಗೊತ್ತಾಗುತ್ತದೆ. ಹಾಗೆ ಆಗದಂತೆ ಪ್ರೀಮಿಯಂ ತಗ್ಗಿಸುವ ದಾರಿಗಳಿವೆ. ಅವು ಎಲ್ಲರಿಗೂ ಒಂದೇ ಅಲ್ಲ. ಕಾರನ್ನು ಯಾರು, ಯಾವುದಕ್ಕೆ ಬಳಸುತ್ತಾರೆ ಎಂಬುದರ ಮೇಲೆ ನಿಂತಿವೆ.

ಹಂತ 1: ಬಗ್ಗುವ ದರ ಯಾವುದು, ಬಗ್ಗದ ದರ ಯಾವುದು

ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ ಮಾಡಿಸುವ ವಿಮೆ ಥರ್ಡ್ ಪಾರ್ಟಿ. ಅದರ ದರವನ್ನು ಸರ್ಕಾರವೇ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಯಾದ ಪಟ್ಟಿಯಲ್ಲಿ ಸ್ವಂತ ಬಳಕೆಯ ಕಾರಿಗೆ ವರ್ಷಕ್ಕೆ 1000 ಸಿಸಿ ತನಕ 2,094 ರೂ., 1500 ಸಿಸಿ ತನಕ 3,416 ರೂ., ಅದಕ್ಕೂ ಮೇಲೆ 7,897 ರೂ. ಕಾರು ಬಳ್ಳಾರಿಯದ್ದಾಗಲಿ ಬೀದರಿನದ್ದಾಗಲಿ, ಓಡಿಸುವವರಿಗೆ ಇಪ್ಪತ್ತೆರಡು ವರ್ಷವಾಗಲಿ ಐವತ್ತೆರಡಾಗಲಿ, ಈ ದರ ಒಂದೇ. ಇದರಲ್ಲಿ ‘ಡಿಸ್ಕೌಂಟ್ ಕೊಡಿಸ್ತೀನಿ’ ಎನ್ನುವವರ ಮಾತು ನಂಬಬೇಡಿ. ಕೊಟೇಶನ್‌ನಲ್ಲಿ ಈ ಸಾಲು ಪಟ್ಟಿಗಿಂತ ನೂರು ರೂಪಾಯಿ ಆಸುಪಾಸು ಕಡಿಮೆ ಕಂಡರೆ, ಎದುರಿನವರ ಆಸ್ತಿ ಹಾನಿಯ ಮಿತಿಯನ್ನು 7.5 ಲಕ್ಷದಿಂದ 6,000 ರೂಪಾಯಿಗೆ ಇಳಿಸಿರಬಹುದು. ಅದನ್ನು ಒಪ್ಪಲೇಬೇಡಿ. ಅಂಗಡಿಯೊಂದರ ಶಟರ್ ಬಗ್ಗಿದರೂ ಆರು ಸಾವಿರ ಸಾಲುವುದಿಲ್ಲ.

ಕಂಪನಿಯಿಂದ ಕಂಪನಿಗೆ ಬದಲಾಗುವುದು ನಮ್ಮ ಕಾರಿನ ಹಾನಿಗೆ ಕಟ್ಟುವ ಹಣ, ಅಂದರೆ ಓಡಿ ಪ್ರೀಮಿಯಂ. ಚೌಕಾಶಿ ಏನಿದ್ದರೂ ಅಲ್ಲಿ.

ಹಂತ 2: ಕಾಗದ ಜೋಡಿಸಿಕೊಳ್ಳಿ

ಆರ್‌ಸಿ, ಹಳೆಯ ಪಾಲಿಸಿ, ಸಾಲವಿದ್ದರೆ ಬ್ಯಾಂಕಿನ ಹೆಸರು, ಕಿಲೋಮೀಟರ್ ಮೀಟರಿನ ಫೋಟೊ. ಅವಧಿ ಮುಗಿಯುವ ಮೂರು ನಾಲ್ಕು ವಾರ ಮೊದಲೇ ಶುರು ಮಾಡಿ.

ಹಂತ 3: ಕೊಟೇಶನ್‌ಗಳನ್ನು ಒಂದೇ ಮಟ್ಟಕ್ಕೆ ತನ್ನಿ

ಎಡವುವುದು ಇಲ್ಲೇ, ಆದ್ದರಿಂದ ಲೆಕ್ಕ ಹಾಕಿಯೇ ನೋಡೋಣ. ಶೋರೂಮ್ ಬೆಲೆ 8 ಲಕ್ಷ ಇದ್ದ 1200 ಸಿಸಿ ಕಾರು ಮೂರು ವರ್ಷ ದಾಟಿದೆ ಎಂದುಕೊಳ್ಳಿ. ಮೂರರಿಂದ ನಾಲ್ಕು ವರ್ಷದೊಳಗಿನ ಕಾರಿಗೆ ಸವಕಳಿ ಶೇ 40. ಐಡಿವಿ 4,80,000 ಬರುತ್ತದೆ. ಮೂರು ವರ್ಷ ಕ್ಲೇಮ್ ಮಾಡಿಲ್ಲವಾದ್ದರಿಂದ ಎನ್‌ಸಿಬಿ, ಅಂದರೆ ಕ್ಲೇಮ್ ಮಾಡದಿದ್ದಕ್ಕೆ ಓಡಿಯಲ್ಲಿ ಸಿಗುವ ರಿಯಾಯಿತಿ, ಶೇ 35.

ಮೊದಲ ಕೊಟೇಶನ್: ಓಡಿ 8,000. ಅದರಲ್ಲಿ ಎನ್‌ಸಿಬಿ 2,800 ಕಳೆದರೆ 5,200. ಥರ್ಡ್ ಪಾರ್ಟಿ 3,416 ಸೇರಿ 8,616. ಶೇ 18 ಜಿಎಸ್‌ಟಿ ಹಾಕಿದರೆ 10,167 ರೂ.

ಎರಡನೆಯದು: ಐಡಿವಿ 3,80,000, ಓಡಿ 6,300. ಎನ್‌ಸಿಬಿ ಕಳೆದು 4,095. ಥರ್ಡ್ ಪಾರ್ಟಿ ಸೇರಿ 7,511. ಜಿಎಸ್‌ಟಿ ಸೇರಿ 8,863 ರೂ.

ಉಳಿದದ್ದು 1,304 ರೂಪಾಯಿ. ಕಾರು ಕಳುವಾದರೆ ಕಳೆದುಕೊಳ್ಳುವುದು ಒಂದು ಲಕ್ಷ. ಇನ್ನೊಂದು ಪೆಟ್ಟೂ ಇದೆ. ರಿಪೇರಿ ಖರ್ಚು ಐಡಿವಿಯ ಶೇ 75 ದಾಟಿದರೆ ಕಂಪನಿ ‘ಟೋಟಲ್ ಲಾಸ್’ ಎಂದು ಲೆಕ್ಕ ಮುಗಿಸುತ್ತದೆ. ಮೊದಲ ಪಾಲಿಸಿಯಲ್ಲಿ ಆ ಗೆರೆ 3,60,000ದಲ್ಲಿದೆ, ಎರಡನೆಯದರಲ್ಲಿ 2,85,000ದಲ್ಲಿ. ಮೂರು ಲಕ್ಷದ ರಿಪೇರಿ ಬಂತೆನ್ನಿ: ಮೊದಲನೆಯದರಲ್ಲಿ ಕಾರು ರಿಪೇರಿಯಾಗಿ ಮನೆಗೆ ಬರುತ್ತದೆ, ಎರಡನೆಯದರಲ್ಲಿ ಗುಜರಿಗೆ ಹೋಗುತ್ತದೆ.

ಆದ್ದರಿಂದ ಎಲ್ಲ ಕಂಪನಿಗಳಿಗೂ ‘ಐಡಿವಿ ಇಷ್ಟೇ ಇಟ್ಟು ರೇಟು ಕೊಡಿ’ ಎಂದು ನೀವೇ ಅಂಕಿ ಹೇಳಿ. ವೆಬ್‌ಸೈಟಿನಲ್ಲಿ ಕೇಳುವುದಾದರೂ ಮೊದಲು ಕಾಣುವ ಬೆಲೆ ನೋಡಬೇಡಿ. ಐಡಿವಿಯ ಡಬ್ಬಿಯಲ್ಲಿ ನಿಮ್ಮ ಅಂಕಿ ತುಂಬಿದ ಮೇಲೆ ಬರುವ ಬೆಲೆ ನೋಡಿ. ಐದು ವರ್ಷ ದಾಟಿದ ಕಾರಿನ ಐಡಿವಿಯನ್ನು ಕಂಪನಿಯೂ ಮಾಲೀಕರೂ ಮಾತಾಡಿ ಒಪ್ಪಿಕೊಳ್ಳಬೇಕು. ಅಲ್ಲಿ ಸುಮ್ಮನಿದ್ದರೆ ಕಂಪನಿ ಹಾಕಿದ್ದೇ ಅಂತಿಮ.

ಐಡಿವಿ ಸಮನಾದ ಮೇಲೆ ಇನ್ನೆರಡು ಸಾಲು ನೋಡಿ. ಒಂದು, ಸ್ವಯಂ ಕಡಿತ. ಪ್ರತಿ ಕ್ಲೇಮಿನಲ್ಲಿ 1500 ಸಿಸಿ ತನಕ 1,000 ರೂ., ಅದಕ್ಕೆ ಮೇಲೆ 2,000 ರೂ. ನಮ್ಮ ಕೈಯಿಂದ ಹೋಗುವುದು ಕಡ್ಡಾಯ. ಅದರ ಮೇಲೆ ‘ಇನ್ನೂ ಇಷ್ಟು ನಾನೇ ಹಾಕಿಕೊಳ್ಳುತ್ತೇನೆ’ ಎಂದು ಒಪ್ಪಿದರೆ ಓಡಿಯಲ್ಲಿ ರಿಯಾಯಿತಿ ಸಿಗುತ್ತದೆ. ನಿಮಗೆ ಹೇಳದೆ ಐದೋ ಹದಿನೈದೋ ಸಾವಿರ ಕಡಿತ ಹಾಕಿ ಬೆಲೆ ಇಳಿಸಿದ ಕೊಟೇಶನ್‌ಗಳೂ ಬರುತ್ತವೆ. ಇನ್ನೊಂದು, ಮಾಲೀಕ–ಚಾಲಕರ 15 ಲಕ್ಷದ ಅಪಘಾತ ವಿಮೆ. ಇದು ಕಡ್ಡಾಯವಾದರೂ ಒಬ್ಬರಿಗೆ ಒಂದೇ ಸಾಕು. ಬೈಕಿನ ಪಾಲಿಸಿಯಲ್ಲಿ ಅದು ಚಾಲ್ತಿಯಲ್ಲಿದ್ದರೆ, ಅಥವಾ 15 ಲಕ್ಷಕ್ಕೆ ಕಡಿಮೆ ಇಲ್ಲದ ಬೇರೆ ಅಪಘಾತ ಪಾಲಿಸಿ ಇದ್ದರೆ, ಕಾರಿನ ಪಾಲಿಸಿಯಲ್ಲಿ ತೆಗೆಸಿ. ಮನೆಯಲ್ಲಿ ಎರಡು ಮೂರು ಗಾಡಿ ಇರುವವರು ಇದಕ್ಕೆ ಪ್ರತಿ ವರ್ಷ ಸುಮ್ಮನೆ ಎರಡೆರಡು ಸಲ ಹಣ ಕಟ್ಟುತ್ತಿರುತ್ತಾರೆ.

ಹೊಸ ಕಾರಿನವರು ಮಾಡುವ ತಪ್ಪು ಬೇರೆ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿಯನ್ನು ಒಟ್ಟಿಗೇ ಕಟ್ಟಿಸಿಕೊಳ್ಳಲಾಗುತ್ತದೆ. ಹಾಗಾಗಿ ಎರಡನೇ ಮತ್ತು ಮೂರನೇ ವರ್ಷಕ್ಕೆ ಬೇಕಿರುವುದು ಓಡಿ ಮಾತ್ರ, ಅದನ್ನು ಬೇರೆ ಕಂಪನಿಯಲ್ಲೂ ಮಾಡಿಸಬಹುದು. ಗೊತ್ತಿಲ್ಲದೆ ಮತ್ತೆ ಫುಲ್ ಪಾಲಿಸಿ ಮಾಡಿಸಿದರೆ 3,416 ರೂಪಾಯಿ, ಮೇಲೆ ಜಿಎಸ್‌ಟಿ, ಎರಡನೇ ಸಲ ಹೋಗುತ್ತದೆ.

ಹಂತ 4: ಎನ್‌ಸಿಬಿಯನ್ನು ಕಾಪಾಡಿಕೊಳ್ಳಿ

ಕ್ಲೇಮ್ ಇಲ್ಲದ ಒಂದೊಂದು ವರ್ಷಕ್ಕೆ ಓಡಿಯಲ್ಲಿ ಶೇ 20, 25, 35, 45, 50. ಒಂದು ಕ್ಲೇಮ್ ಆದರೆ ಸೊನ್ನೆಗೆ ಇಳಿಯುತ್ತದೆ. ಆದ್ದರಿಂದ ಬಂಪರ್ ಗೀಚಿದ್ದಕ್ಕೆಲ್ಲ ಕ್ಲೇಮ್ ಹಾಕಬೇಡಿ. ಬಂಪರ್ ಪ್ಲಾಸ್ಟಿಕ್ಕಿನದು, ಅದಕ್ಕೆ ಸವಕಳಿ ಶೇ 50. 4,000 ರೂಪಾಯಿಯ ಬಂಪರಿಗೆ 2,000 ಹೋಗಿ, ಕಡ್ಡಾಯ ಕಡಿತ 1,000 ಹೋಗಿ, ಬಿಡಿಭಾಗದ ಲೆಕ್ಕದಲ್ಲಿ ಕೈಗೆ ಬರುವುದು 1,000. ಮೇಲಿನ ಕಾರಿಗೆ ಮುಂದಿನ ವರ್ಷ ಶೇ 45 ಎನ್‌ಸಿಬಿ ಸಿಗಬೇಕಿತ್ತು. 8,000 ಓಡಿಯ ಮೇಲೆ ಅದು 3,600 ರೂ. ಸಾವಿರಕ್ಕಾಗಿ ಮೂರೂವರೆ ಸಾವಿರ ಬಿಟ್ಟ ಹಾಗಾಗುತ್ತದೆ.

ಎನ್‌ಸಿಬಿ ಮಾಲೀಕರದ್ದು, ಕಾರಿನದ್ದಲ್ಲ. ಕಾರು ಮಾರುವಾಗ ಕಂಪನಿಯಿಂದ ಎನ್‌ಸಿಬಿ ಪ್ರಮಾಣಪತ್ರ ತೆಗೆದುಕೊಳ್ಳಿ. ಮೂರು ವರ್ಷದೊಳಗೆ ಹೊಸ ಕಾರಿಗೆ ಹಾಕಿಸಬಹುದು. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ, ಶೋರೂಮಿನವರೂ ನೆನಪಿಸುವುದಿಲ್ಲ. ಅಪ್ಪನ ಎನ್‌ಸಿಬಿಯನ್ನು ಮಗ ತನ್ನ ಹೆಸರಲ್ಲಿ ಕೊಂಡ ಕಾರಿಗೆ ಹಾಕಿಸಲು ಬರುವುದಿಲ್ಲ. ಪಾಲಿಸಿ ಮುಗಿದು 90 ದಿನ ದಾಟಿದರೆ ಎನ್‌ಸಿಬಿ ಸತ್ತಿತು. ‘ಕ್ಲೇಮ್ ಆಗಿಲ್ಲ ಅಂತ ಹಾಕ್ರಿ, ಯಾರು ನೋಡ್ತಾರ’ ಎಂಬ ಅಡ್ಡದಾರಿಗೆ ಹೋಗಬೇಡಿ. ಹೊಸ ಕಂಪನಿ ಹಳೆಯದರಿಂದ ದೃಢೀಕರಣ ತರಿಸುತ್ತದೆ, ಸುಳ್ಳು ಸಿಕ್ಕರೆ ಕ್ಲೇಮಿಗೇ ಕುತ್ತು.

ಹಂತ 5: ನೀವು ಯಾವ ಬಗೆಯ ಚಾಲಕರು?

ದಿನಾ ಕೆಲಸಕ್ಕೆ ಓಡಾಡುವವರು. ಹೊಸಪೇಟೆಯಿಂದ ತೋರಣಗಲ್ಲಿಗೆ, ರಾಯಚೂರಿನಿಂದ ಶಕ್ತಿನಗರಕ್ಕೆ ದಿನವೂ ಹೋಗಿ ಬರುವ ಕಾರು ಐದು ವರ್ಷದೊಳಗಿನದಾದರೆ ಝೀರೋ ಡೆಪ್, ಅಂದರೆ ಬಿಡಿಭಾಗಕ್ಕೆ ಸವಕಳಿ ಕಳೆಯದೆ ಹಣ ಕೊಡುವ ಆ್ಯಡ್‌ಆನ್ (ಹೆಚ್ಚುವರಿ ಹಣ ಕಟ್ಟಿ ಸೇರಿಸುವ ರಕ್ಷಣೆ) ಹಾಕಿಸಲೇಬೇಕು. ಇವರು ಸ್ವಯಂ ಕಡಿತಕ್ಕೆ ಕೈ ಹಾಕಬಾರದು. ಲಾರಿ ಚಕ್ರದಿಂದ ಕಲ್ಲು ಸಿಡಿದು ಒಡೆಯುವ ಗಾಜಿಗೆ ಹೇಗೂ ಸವಕಳಿ ಇಲ್ಲ. ಝೀರೋ ಡೆಪ್ ಬೇಕಾಗುವುದು ಬಂಪರು, ಮಡ್‌ಗಾರ್ಡ್ ಒಳಪದರ, ಲ್ಯಾಂಪುಗಳಿಗೆ. ಕೀ ಕಳೆದರೆ, ಲಗೇಜ್ ಹೋದರೆ ಎಂಬ ಆ್ಯಡ್‌ಆನ್‌ಗಳು ಬೇಡ.

ಕಾರು ಶೆಡ್ಡಿನಲ್ಲೇ ಇರುವವರು. ಹಬ್ಬಕ್ಕೆ, ಮದುವೆಗೆ, ಮಂತ್ರಾಲಯಕ್ಕೆ ಮಾತ್ರ ತೆಗೆಯುವ ನಿವೃತ್ತರಿಗೆ 2022ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಅನುಮತಿ ಕೊಟ್ಟ ‘ಓಡಿಸಿದಷ್ಟಕ್ಕೆ ಪಾವತಿ’ ಆ್ಯಡ್‌ಆನ್ ಸರಿಹೊಂದುತ್ತದೆ. ಕಿಲೋಮೀಟರ್ ಮಿತಿಯನ್ನು ಕಳೆದ ವರ್ಷದ ಓಟಕ್ಕಿಂತ ಸಾವಿರ ಹೆಚ್ಚೇ ತೆಗೆದುಕೊಳ್ಳಿ, ಮಿತಿ ದಾಟಿದರೆ ಏನಾಗುತ್ತದೆ ಎಂದು ಬರಹದಲ್ಲಿ ಕೇಳಿ. ದೊಡ್ಡ ಸ್ವಯಂ ಕಡಿತವೂ ಇವರಿಗೆ ಲಾಭವೇ.

ಹೊಸದಾಗಿ ಕಲಿತವರು. ಎಲ್ ಬೋರ್ಡ್ ಇದ್ದು, ಎಲ್‌ಎಲ್‌ಆರ್ ಚಾಲ್ತಿಯಲ್ಲಿದ್ದು, ಪಕ್ಕದಲ್ಲಿ ಲೈಸೆನ್ಸ್ ಇದ್ದವರು ಕೂತಿದ್ದರೆ ಪಾಲಿಸಿ ಅನ್ವಯಿಸುತ್ತದೆ. ಎಲ್‌ಎಲ್‌ಆರ್ ಇಲ್ಲದ ಹುಡುಗನ ಕೈಗೆ ಊರ ಹೊರಗಿನ ರಸ್ತೆಯಲ್ಲಿ ಸ್ಟೇರಿಂಗ್ ಕೊಟ್ಟರೆ ಯಾವ ಪಾಲಿಸಿಯೂ ಕೈ ಹಿಡಿಯುವುದಿಲ್ಲ.

ವೈಟ್ ಬೋರ್ಡ್ ಕಾರನ್ನು ಬಾಡಿಗೆಗೆ ಬಿಡುವವರು. ಹಂಪಿ, ಆನೆಗೊಂದಿ ನೋಡಲು ಬಂದವರನ್ನು ದುಡ್ಡಿಗೆ ಕರೆದೊಯ್ಯುವಾಗ ಅಪಘಾತವಾದರೆ ಕಾರಿನ ಕ್ಲೇಮ್ ತಿರಸ್ಕಾರವಾಗುತ್ತದೆ. ಪ್ರಯಾಣಿಕರ ಪರಿಹಾರವೂ ಮಾಲೀಕರ ತಲೆಗೇ ಬರಬಹುದು. ಎಲ್ಲೋ ಬೋರ್ಡಿನ ಥರ್ಡ್ ಪಾರ್ಟಿ ದುಬಾರಿಯೇ: 2022ರ ಪಟ್ಟಿಯಲ್ಲಿ 1000ದಿಂದ 1500 ಸಿಸಿ ಕ್ಯಾಬಿಗೆ 7,940 ರೂ., ಜೊತೆಗೆ ಪ್ರಯಾಣಿಕರೊಬ್ಬರಿಗೆ 978 ರೂ. ಆದರೂ ಬಾಡಿಗೆಯೇ ಉದ್ಯೋಗವಾದರೆ ಬೇರೆ ದಾರಿ ಇಲ್ಲ.

ಸೆಕೆಂಡ್ ಹ್ಯಾಂಡ್ ಕೊಂಡವರು. ಆರ್‌ಸಿ ಹೆಸರು ಬದಲಾದರೆ ಸಾಲದು, ಪಾಲಿಸಿಯ ಹೆಸರೂ 14 ದಿನದೊಳಗೆ ಬದಲಾಗಬೇಕು. ಥರ್ಡ್ ಪಾರ್ಟಿ ತಾನಾಗಿ ಹೊಸ ಮಾಲೀಕರಿಗೆ ಬರುತ್ತದೆ, ಓಡಿ ಬರುವುದಿಲ್ಲ. ಹಳೆಯ ಮಾಲೀಕರ ಎನ್‌ಸಿಬಿಯಷ್ಟು ಹಣವನ್ನು ಉಳಿದ ಅವಧಿಗೆ ಲೆಕ್ಕ ಹಾಕಿ ಕಟ್ಟಬೇಕಾಗುತ್ತದೆ. ಅದನ್ನು ಉಳಿಸಲು ಹೋಗಿ ‘ಪಾಲಿಸಿ ಮುಗಿದ ಮೇಲೆ ಹೆಸರು ಹಾಕಿಸೋಣ’ ಎಂದು ತಿಂಗಳುಗಟ್ಟಲೆ ಓಡಿಸುವವರು ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಬೇಕಾದಷ್ಟಿದ್ದಾರೆ. ಸಿಎನ್‌ಜಿ ಕಿಟ್ ಇದ್ದರೆ ಅದು ಆರ್‌ಸಿಯಲ್ಲೂ ಪಾಲಿಸಿಯಲ್ಲೂ ನಮೂದಾಗಿದೆಯೇ ನೋಡಿ. ಬೆಂಗಳೂರು ಅಥವಾ ಹೈದರಾಬಾದಿನ ನೋಂದಣಿಯ ಕಾರು ‘ಎ’ ವಲಯದ್ದು. ಕೆಎ-34, 36, 37 ‘ಬಿ’ ವಲಯ, ಓಡಿ ದರ ತುಸು ಕಡಿಮೆ.

ಹತ್ತು ವರ್ಷ ದಾಟಿದ ಕಾರಿನವರು. ಐಡಿವಿ ಒಂದು ಲಕ್ಷಕ್ಕಿಂತ ಕೆಳಗೆ ಬಂದಿದ್ದರೆ ಥರ್ಡ್ ಪಾರ್ಟಿ ಮತ್ತು ಅಪಘಾತ ವಿಮೆ ಸಾಕು. ಇಷ್ಟು ಹಳೆಯ ಕಾರಿನ ಲೋಹದ ಭಾಗಕ್ಕೂ ಸವಕಳಿ ಶೇ 50 ಇರುವುದರಿಂದ ಓಡಿಗೆ ಕಟ್ಟಿದ್ದು ಗಿಟ್ಟುವುದಿಲ್ಲ.

ಅಂಗವಿಕಲರಿಗಾಗಿ ಮಾರ್ಪಡಿಸಿದ ಕಾರಿಗೆ, ಮಾರ್ಪಾಡು ಆರ್‌ಸಿಯಲ್ಲಿ ದಾಖಲಾಗಿದ್ದರೆ, ಓಡಿಯಲ್ಲಿ ಶೇ 50 ರಿಯಾಯಿತಿ ಇದೆ. ಕೇಳದೆ ಕೊಡುವವರು ಕಡಿಮೆ, ಬಾಯಿಬಿಟ್ಟು ಕೇಳಿ. ಸಂಬಳದ ಡ್ರೈವರ್ ಇಟ್ಟುಕೊಂಡವರು ಅವರ ಹೊಣೆಗಾರಿಕೆಯ 50 ರೂಪಾಯಿಯ ಸಾಲನ್ನು ಸೇರಿಸಲೇಬೇಕು.

ಹಂತ 6: ಗ್ಯಾರೇಜ್ ಎಲ್ಲಿದೆ?

ನಗದುರಹಿತ ರಿಪೇರಿ ಕೊಡುವ ಗ್ಯಾರೇಜು ನಿಮ್ಮ ಕಂಪನಿಗೆ ಬಳ್ಳಾರಿಯಲ್ಲೋ ಹೊಸಪೇಟೆಯಲ್ಲೋ ರಾಯಚೂರಿನಲ್ಲೋ ಇದೆಯೇ ಎಂದು ಹಣ ಕಟ್ಟುವ ಮೊದಲೇ ಆ ಗ್ಯಾರೇಜಿಗೇ ಫೋನ್ ಮಾಡಿ ಕೇಳಿ. ಕಂಪನಿಯ ಪಟ್ಟಿಯನ್ನು ಮಾತ್ರ ನಂಬಬೇಡಿ. ಸಾಮಾನ್ಯ ಪಾಲಿಸಿಯಲ್ಲಿ ಕಾರು ಎಳೆದೊಯ್ಯಲು ಸಿಗುವುದು 1,500 ರೂ. ಕುಷ್ಟಗಿ, ಯಲಬುರ್ಗಾ ಕಡೆಯಿಂದ ಹುಬ್ಬಳ್ಳಿಗೆ ಎಳೆಸಿದರೆ ಅದು ಅರ್ಧ ದಾರಿಗೂ ಸಾಲದು. ಹತ್ತಿರ ಗ್ಯಾರೇಜ್ ಇರುವ ಕಂಪನಿ ಐನೂರು ರೂಪಾಯಿ ಹೆಚ್ಚು ಕೇಳಿದರೂ ಅದನ್ನೇ ಹಿಡಿಯಿರಿ.

ಗಂಗಾವತಿ, ಸಿಂಧನೂರು, ಸಿರುಗುಪ್ಪದಲ್ಲಿ ಗದ್ದೆ, ಕಾಲುವೆ ದಂಡೆಯ ದಾರಿಯಲ್ಲೇ ಓಡಾಟವಿದ್ದರೆ ಎಂಜಿನ್ ರಕ್ಷಣೆ ಆ್ಯಡ್‌ಆನ್ ಇರಲಿ. ನೀರಲ್ಲಿ ನಿಂತ ಕಾರನ್ನು ಮತ್ತೆ ಸ್ಟಾರ್ಟ್ ಮಾಡಿ ಎಂಜಿನ್ ಹಾಳಾದರೆ ಸಾದಾ ಪಾಲಿಸಿಯಲ್ಲಿ ಆ ಖರ್ಚು ಬರುವುದಿಲ್ಲ.

ಹಂತ 7: ಪಾಲಿಸಿ ಕೈಗೆ ಬಂದ ಮೇಲೆ

ಹಣವನ್ನು ಕಂಪನಿಯ ಲಿಂಕಿನಲ್ಲೇ ಕಟ್ಟಿ, ಏಜೆಂಟರ ಸ್ವಂತ ಫೋನ್‌ಪೇಗೆ ಅಲ್ಲ. ಅದೇ ದಿನ ಎಂಜಿನ್ ನಂಬರು, ಚಾಸಿ ನಂಬರು, ಸಿಸಿ, ಐಡಿವಿ, ಎನ್‌ಸಿಬಿ, ಬ್ಯಾಂಕಿನ ಹೆಸರು, ಇಷ್ಟನ್ನು ಆರ್‌ಸಿ ಪಕ್ಕದಲ್ಲಿಟ್ಟು ಒಂದೊಂದೇ ಬೆರಳಿಟ್ಟು ಓದಿ. ತಪ್ಪಿದ್ದರೆ ಕೂಡಲೇ ತಿದ್ದುಪಡಿ ಕೇಳಿ; ಅಪಘಾತದ ನಂತರ ಕೇಳಿದರೆ ಅನುಮಾನ ಬರುತ್ತದೆ. ಕೆಲವು ದಿನ ಬಿಟ್ಟು ಎಂಪರಿವಾಹನ್ ಆ್ಯಪ್‌ನಲ್ಲಿ ಕಾರಿನ ನಂಬರು ಹಾಕಿ, ಹೊಸ ಅವಧಿ ಕಾಣದಿದ್ದರೆ ಕಂಪನಿಗೆ ಬರೆಯಿರಿ. ವಿಮೆ ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲಕ್ಕೆ 2,000, ಎರಡನೇ ಸಲಕ್ಕೆ 4,000 ರೂ. ದಂಡ, ಮೂರು ತಿಂಗಳ ತನಕ ಜೈಲಿಗೂ ಅವಕಾಶವಿದೆ. ಕಂಪನಿ ದೂರಿಗೆ ಸ್ಪಂದಿಸದಿದ್ದರೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್ ಇದೆ, 155255ಕ್ಕೆ ಕರೆ ಮಾಡಬಹುದು. ಅಲ್ಲೂ ಬಗೆಹರಿಯದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಲು ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.